ಮೊದಲ ಬಹುಮಾನಕ್ಕೆ ಹೆದರಿದ ನಮ್ಮ ಭಾವ

ಕಾದಂಬರಿ ಸ್ಪರ್ಧೆಗೆ ಕೃತಿ ಕಳಿಸಿ, ಮೊದಲ ಬಹುಮಾನ ಮಾತ್ರ ಬಾರದಿರಲಿ ಎಂದು ಹನುಮಪ್ಪನಿಗೆ ಕಾಯಿ ಒಡೆಸಿದ ಲೇಖಕರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರಿಗೆ ನನ್ನ ಅಕ್ಕನನ್ನೇ ಕೊಟ್ಟಿತ್ತು!

ಭಾವ ತಿಕೋಟಾದಲ್ಲಿ ಶಾಲೆಯ ಮಾಸ್ತರರು. ಮದುವೆಯಾದ ಮೂರನೆಯ ವರ್ಷ ಅವರಿಗೆ ಕಾದಂಬರಿಯ ಹುಚ್ಚು ಹಿಡಿಯಿತು. ಮೊದಲ ಕಾದಂಬರಿಯಲ್ಲಿ ಒಬ್ಬ ಸೊಸೆ. ಅತ್ತೆಯ ಮಾತು ತಾಳಲಾರದೆ ಒಲೆಯ ಮುಂದೆ ಕೂತು ಅಳುತ್ತಾಳೆ. ಯಾರಾದರೂ ಕೇಳಿದರೆ ಹೊಗೆ ಎನ್ನುತ್ತಾಳೆ. ಆ ಅಳು, ಆ ಹೊಗೆ ಎಲ್ಲವೂ ನಮ್ಮ ಅಕ್ಕನವೇ. ಬರೆದು ಸುಮ್ಮನಿದ್ದರೆ ಬದುಕುತ್ತಿದ್ದರು ಪುಣ್ಯಾತ್ಮರು. ಗುಡಿಯ ಕಟ್ಟೆಯ ಮೇಲೆ ಕೂತು, ಅಕ್ಕನ ದನಿ ತೆಗೆದು ಓದಿಯೂ ಬಿಟ್ಟರು! ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮರುದಿನವೇ ಅಕ್ಕ ಟ್ರಂಕು ಹಿಡಿದು ಬಬಲೇಶ್ವರದ ನಮ್ಮ ಮನೆಗೆ ಬಂದಳು.

“ನನ್ನ ಅಳೂ ಅವರಿಗೆ ಕತಿ ಆತಲ್ಲೋ ತಮ್ಮಾ,” ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಭಾವ ವಾರಕ್ಕೊಂದು ಪತ್ರ ಬರೆದರು. ಅಕ್ಕ ಒಂದನ್ನೂ ಒಡೆಯಲಿಲ್ಲ. “ಒಮ್ಮೆರ ಒಡದ ನೋಡ್ರಿ ಅಕ್ಕಾರ,” ಎಂದು ಟಪಾಲಿನವನು ಅಂಗಲಾಚಿದರೆ, “ಅಷ್ಟ ಆಸೆ ಇದ್ರ ನೀವ ಓದಕೋರಿ!” ಎಂದು ಬಾಗಿಲು ಹಾಕಿಕೊಂಡಳು. ಆದರೆ ಸಂಜೆ ವಿಜಾಪುರದ ಬಸ್ಸು ಬರುವ ಹೊತ್ತಿಗೆ ಸರಿಯಾಗಿ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದಳು. ಯಾಕೆಂದು ಕೇಳಿದರೆ ಗಾಳಿಗಂತೆ. ಚಳಿಗಾಲದಲ್ಲಿಯೂ ಗಾಳಿಗೇ!

ನಾನು ಧಾರವಾಡದಿಂದ ತರಿಸುತ್ತಿದ್ದ ಮಾಸಪತ್ರಿಕೆಯನ್ನು ಮಾತ್ರ ಅಕ್ಕ ತಲೆಗೂದಲಿನ ಎಣ್ಣೆಯ ಜಾಹೀರಾತಿನವರೆಗೆ ಒಂದಕ್ಷರ ಬಿಡದೆ ಓದುತ್ತಿದ್ದಳು. ಅದು ಭಾವನಿಗೆ ಗೊತ್ತಿತ್ತು; ಪತ್ರದಲ್ಲಿ ಓದದ ಕ್ಷಮೆಯನ್ನು ಅದರಲ್ಲಿ ಓದಿಸುವ ಹಂಚಿಕೆ ಹೂಡಿದರು. ಆ ಪತ್ರಿಕೆ ವರ್ಷಕ್ಕೊಮ್ಮೆ ಕಾದಂಬರಿ ಸ್ಪರ್ಧೆ ನಡೆಸಿ ಐದು ಹೆಸರುಗಳ ಪಟ್ಟಿ ಹಾಕುತ್ತಿತ್ತು. ಗೆದ್ದ ಕಾದಂಬರಿ ಪುಸ್ತಕವಾಗಿ ಬೇರೆ ಬರುತ್ತಿತ್ತು. ಸೋತ ನಾಲ್ಕರಿಂದ ಒಂದೊಂದು ಪ್ರಕರಣವನ್ನು ದೀಪಾವಳಿ ಸಂಚಿಕೆಯಲ್ಲೇ ಅಚ್ಚು ಹಾಕುತ್ತಿದ್ದರು.

“ಪುಸ್ತಕ ಆದ್ರ ಆಕಿ ಕೈಗೆ ಯಾರ ಕೊಡವ್ರು? ನನಗ ಸೋಲಬೇಕೋ ಮಾರಾಯಾ, ಆದ್ರ ಪಟ್ಟ್ಯಾಗ ಇದ್ದು ಸೋಲಬೇಕು!” ಎನ್ನುತ್ತಿದ್ದರು ಭಾವ. ಕಾದಂಬರಿ ಅತಿ ಚೆಂದವಾಯಿತೆಂಬ ಅನುಮಾನ ಬಂದರೆ ನಡುವೆ ಒಂದು ಕೆಟ್ಟ ಪ್ರಕರಣವನ್ನು ಬೇಕೆಂದೇ ತುರುಕುತ್ತಿದ್ದರು. ಬಹುಮಾನ ಹಿಡಿದುಕೊಂಡು ಇವರ ಬಾಗಿಲಿಗೆ ಯಾರು ಬಂದು ನಿಂತಿದ್ದರೋ!

ಯುದ್ಧದ ಕಾಲ. ಕಾಗದ ಸಿಗುತ್ತಿರಲಿಲ್ಲ. ಭಾವ ನಾಲ್ಕನೆಯ ಇಯತ್ತೆಯ ಮಕ್ಕಳ ಹಳೆಯ ಭೂಗೋಳದ ಉತ್ತರಪತ್ರಿಕೆಗಳ ಹಿಂಬದಿಗೆ ಬರೆದು ಕಳಿಸಿದರು. ಹಸ್ತಪ್ರತಿ ಸಂಪಾದಕರ ಚೀಟಿಯೊಂದಿಗೆ ಮರಳಿ ಬಂತು: “ಕಾದಂಬರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಹಿಂಬದಿಯ ನದಿಗಳ ವರ್ಣನೆ ಸೊಗಸಾಗಿದೆ. ಆ ಮಗುವಿಗೆ ಹತ್ತಕ್ಕೆ ಆರೇ ಅಂಕ ಕೊಟ್ಟದ್ದು ಅನ್ಯಾಯ!”

ಹೀಗೆ ನಾಲ್ಕು ವರ್ಷ ಹೋದವು. ಐದನೆಯ ಕಾದಂಬರಿಯನ್ನೂ ಉತ್ತರಪತ್ರಿಕೆಗಳ ಹಿಂಬದಿಗೇ ಬರೆದು, ಒಂದು ಪ್ರತಿ ಮನೆಯಲ್ಲಿಟ್ಟುಕೊಂಡು ಕಳಿಸಿದರು. ಐದನೆಯ ವರ್ಷ ಭಾವ, ಪೆಟ್ರೋಲ್ ಸಿಗದೆ ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ಮುಖವೆಲ್ಲ ಮಸಿ ಮಾಡಿಕೊಂಡು ವಿಜಾಪುರದ ವಾಚನಾಲಯಕ್ಕೆ ಬಂದರು. ನಾನೂ ಹೋಗಿದ್ದೆ. ದೀಪಾವಳಿ ಸಂಚಿಕೆ ತೆರೆದೆವು. ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಭಾವನದು! ಬಹುಮಾನ ಬೇರೆ ಯಾರಿಗೋ. ಭಾವ ನನ್ನನ್ನು ಅಪ್ಪಿಕೊಂಡು, “ಸೋತೆನೋ! ಸೋತೆನೋ!” ಎಂದು ಕುಣಿದರು. ಓದುತ್ತಿದ್ದವರು ಪಾಪ, ತಲೆ ಕೆಟ್ಟಿದೆ ಎಂದುಕೊಂಡರು.

ಪಟ್ಟಿಯ ಕೆಳಗೆ ಎರಡು ಸಾಲು ಇದ್ದವು. ಕಾಗದದ ಅಭಾವದಿಂದ ಈ ಸಲ ಪ್ರಕರಣಗಳನ್ನು ಅಚ್ಚು ಹಾಕಿಲ್ಲ ಎಂದು. ಭಾವ ಆ ಸಾಲುಗಳನ್ನು ಎರಡು ಸಲ ಓದಿ ಬಾಕಿನ ಮೇಲೆ ಕೂತುಬಿಟ್ಟರು. ಅವರನ್ನು ತಿಕೋಟಾದ ಬಸ್ಸು ಹತ್ತಿಸಿ ನಾನು ಬಬಲೇಶ್ವರಕ್ಕೆ ಹೊರಟೆ.

ಮನೆಗೆ ಬಂದರೆ ಅಕ್ಕನ ಮಡಿಲಲ್ಲಿ ಅದೇ ಸಂಚಿಕೆ. ಬೆರಳು ಆ ಹೆಸರಿನ ಮೇಲಿತ್ತು.

“ಏನ ಬರದಾರ ಇದರಾಗ?”

“ನನಗೇನ ಗೊತ್ತಬೇ? ಪ್ರತಿ ತಿಕೋಟಾದಾಗ ಐತಿ.”

ಅಕ್ಕ ಸಂಚಿಕೆ ಮಡಿಸಿಟ್ಟಳು. ಆಮೇಲೆ ಎದ್ದು ಟ್ರಂಕಿನ ಧೂಳು ಒರೆಸಿದಳು. “ನಾಳೆ ಮುಂಜಾನೆ ಬಸ್ಸ ಎಷ್ಟಕ್ಕ ಐತಿ?” ಎಂದಳು.

ಮರುದಿನ ನನ್ನೊಡನೆ ತಿಕೋಟಾದ ಬಾಗಿಲಲ್ಲಿ ನಿಂತ ಅವಳನ್ನು ಕಂಡು ಭಾವ ಕಂಬದಂತೆ ನಿಂತರು. ಐದು ವರ್ಷ ಪುಟಗಟ್ಟಲೆ ಕ್ಷಮೆ ಬರೆದ ಮನುಷ್ಯನ ಬಾಯಿಂದ ಬಂದದ್ದು ಒಂದೇ ಮಾತು: “ಊಟ ಆಗೇತೇನು?”

“ಊಟ ಇರಲಿ. ಬರದದ್ದ ತಗೀರಿ,” ಎಂದಳು ಅಕ್ಕ. “ಓದ್ರಿ. ಗುಡಿ ಕಟ್ಟಿ ಮ್ಯಾಲ ಅಲ್ಲ, ಇಲ್ಲೆ. ನನಗೊಬ್ಬಾಕಿಗೆ.”

ಭಾವ ಹಸ್ತಪ್ರತಿ ತಂದು ಕೂತರು. ಕಣ್ಣು ತುಂಬಿತ್ತು. ಗಂಟಲು ಸರಿ ಮಾಡಿಕೊಂಡು ಓದತೊಡಗಿದರು: “ಕೃಷ್ಣಾ ನದಿಯು ಮಹಾಬಳೇಶ್ವರದಲ್ಲಿ ಹುಟ್ಟುತ್ತದೆ. ಅದು ಬಹಳ ದೂರ ಹರಿಯುತ್ತದೆ...”

ಹಾಳೆ ತಿರುವು ಮುರುವಾಗಿತ್ತು. ನಾನು ಹೇಳಲು ಬಾಯಿ ತೆರೆದೆ. ಅಕ್ಕ ಸುಮ್ಮನಿರೆಂದು ಕೈ ಸನ್ನೆ ಮಾಡಿದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನದಿ ಸಮುದ್ರ ಸೇರುವವರೆಗೂ ಕೇಳಿದಳು.