ಬೆಟ್ಟ ಹತ್ತಿದ ಎಡಗಿವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಐದು ದಿನ ನನ್ನನ್ನು ಮನೆಯಲ್ಲಿಟ್ಟುಕೊಂಡು ಉಣ್ಣಲಿಕ್ಕಿದ ರೈತರ ಮುಂದೆ ನಾನು ನಮ್ಮಪ್ಪನ ಗುಟ್ಟನ್ನು ಹಂಚಿ ಬಂದೆ. ಕೈಲಾಗುವ ಕೆಲಸ ಬೇರೊಂದಿರಲಿಲ್ಲ, ನಗಿಸುವುದೊಂದೇ ಬರುತ್ತಿತ್ತು ಎಂಬುದು ನನ್ನ ಸಮಜಾಯಿಷಿ. ಅದು ಸಮಜಾಯಿಷಿಯೇ ಅಲ್ಲ ಎಂದು ನಿಮಗಿಂತ ಮೊದಲು ನನಗೇ ಅನ್ನಿಸಿದೆ.

ಯಾರನ್ನು ಕಂಡರೂ ಅವರ ಹಾಗೆ ಮಾಡಿ ತೋರಿಸುವ ಚಟ ನನಗೆ ಹುಟ್ಟಿನಿಂದ ಬಂದದ್ದು. ಗಾಂಧಿಬಜಾರಿನಲ್ಲಿ ಹೂವಿನವಳು ಮೊಳ ಹಾಕುವಾಗ ಮೊಣಕೈಯನ್ನು ಮೆಲ್ಲಗೆ ಒಳಕ್ಕೆ ಎಳೆದುಕೊಳ್ಳುವುದು, ಆಫೀಸಿನಲ್ಲಿ ನಮ್ಮ ಮ್ಯಾನೇಜರು ಬೈಯುವ ಮುಂಚೆ ಕನ್ನಡಕ ಒರೆಸುವುದು, ಎಲ್ಲವೂ ನನ್ನ ಬಳಿ ಐಟಂಗಳಾಗಿ ದಾಸ್ತಾನಿನಲ್ಲಿವೆ. ನನ್ನನ್ನೂ ಬಿಟ್ಟಿಲ್ಲ. ಅದೇ ಮ್ಯಾನೇಜರ ಮುಂದೆ ರಜ ಕೇಳಲು ನಿಂತ ನಾನು ಎಂಬ ಐಟಂಗೆ ನನ್ನ ಗೆಳೆಯರು ಒನ್ಸ್‌ಮೋರ್ ಹೇಳುತ್ತಾರೆ. ಆದರೆ ಎಲ್ಲಕ್ಕಿಂತ ಚೆನ್ನಾಗಿ ನನ್ನ ಕೈಗೆ ಕೂರುತ್ತಿದ್ದ ಐಟಂ ಅಪ್ಪ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು. ಕೊನೆಯ ಬೆಂಚಿನಲ್ಲಿ ಪಿಸುಗುಟ್ಟಿದವನ ಹೆಸರನ್ನು ಬೋರ್ಡಿನ ಕಡೆ ಮುಖ ಮಾಡಿಕೊಂಡೇ ಕೂಗುತ್ತಿದ್ದವರು. ಅಂಥವರ ಎಡಗಿವಿ ಎರಡು ವರ್ಷದಿಂದ ಹೆಚ್ಚುಕಡಿಮೆ ರಜೆಯ ಮೇಲಿದೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳುವ ಬದಲು ಒಂದು ಉಪಾಯ ಕಂಡುಕೊಂಡಿದ್ದರು. ಎಡಗಡೆಯಿಂದ ಯಾರಾದರೂ ಮಾತಾಡಿದರೆ ಒಂದು ಗಳಿಗೆ ಯೋಚಿಸಿ, ತಲೆಯಾಡಿಸಿ, "ಅದೇ ಮತ್ತೆ" ಎನ್ನುವುದು. ಹುರುಳಿಕಾಯಿ ದುಬಾರಿಯಾಗಿದೆ ಎಂದರೆ ಅದೇ ಮತ್ತೆ. ಪಕ್ಕದ ಮನೆ ಹುಡುಗಿಗೆ ಗಂಡು ಗೊತ್ತಾಯಿತು ಎಂದರೆ ಅದೇ ಮತ್ತೆ. ಒಮ್ಮೆ ಶಂಕರಪುರಂನ ನಮ್ಮ ಬೀದಿಯ ತಿರುವಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬರು ತಮ್ಮ ಅತ್ತೆ ತೀರಿಕೊಂಡ ಸುದ್ದಿ ಹೇಳಿದಾಗಲೂ ಅಪ್ಪ ಪ್ರಸನ್ನವಾಗಿ ನಕ್ಕು "ಅದೇ ಮತ್ತೆ" ಅಂದರು. ಆ ಮನುಷ್ಯ ಕೂಡ, ಆಶ್ಚರ್ಯವೆಂದರೆ, ಹೌದೆಂದು ತಲೆಯಾಡಿಸಿದ.

ಮನೆಯಲ್ಲಿ ಇದನ್ನು ಗಮನಿಸಿದವನು ನಾನೊಬ್ಬನೇ ಎಂದುಕೊಂಡಿದ್ದೆ. ಗಮನಿಸಿದ ಮಗ ಡಾಕ್ಟರ ಬಳಿ ಕರೆದುಕೊಂಡು ಹೋಗಬೇಕಿತ್ತು. ನಾನು ಐಟಂ ಮಾಡಿಕೊಂಡೆ.

ಈಗ ಬೆಟ್ಟಕ್ಕೆ ಬರುತ್ತೇನೆ. ಚಾಮರಾಜನಗರ ದಾಟಿ, ಘಾಟಿ ಹತ್ತಿದರೆ, ಬೋರ್ಡೆಲ್ಲ ತಮಿಳು, ಮಾತೆಲ್ಲ ಕನ್ನಡ ಆಗಿರುವ ತಣ್ಣನೆಯ ಊರುಗಳಿವೆ. ಬೆನ್ನಿಗೊಂದು ದೊಡ್ಡ ಚೀಲ ಹಾಕಿಕೊಂಡು ಆ ಊರುಗಳಲ್ಲಿ ನಡೆಯುತ್ತ, ರೈತರ ಮನೆಗಳಲ್ಲಿ ತಂಗುತ್ತ, ಮಣ್ಣಿನ ಮಗನಾಗಿ ಮರಳುವುದು ನನ್ನ ಯೋಜನೆ. ಕೊನೆಯ ಐದು ದಿನ ಚಿಕ್ಕತಾಯಮ್ಮ ಎಂಬ ಅಜ್ಜಿಯ ಮನೆಯಲ್ಲಿದ್ದೆ. ಬೆಳ್ಳುಳ್ಳಿ ಕೀಳುವ ಕಾಲ. ನಾನೂ ಬರುತ್ತೇನೆಂದು ಹಟ ಮಾಡಿ ಹೊಲಕ್ಕಿಳಿದೆ. ಕಾಲು ಗಂಟೆಯಲ್ಲಿ ನಾನು ಕಿತ್ತದ್ದು ಹೆಚ್ಚಾಗಿ ಬರೀ ಸೊಪ್ಪು. ಗಡ್ಡೆಗಳು ನೆಲದಲ್ಲೇ ಕ್ಷೇಮವಾಗಿದ್ದವು. ಅಜ್ಜಿ ಬೈಯಲಿಲ್ಲ. ಬದುವಿನ ಮೇಲೆ ನೆರಳಿರುವ ಜಾಗ ತೋರಿಸಿ, ಅಲ್ಲಿ ಕುಂತಿದ್ದರೆ ಬಲು ಉಪಕಾರ ಅಂದರು. ಆ ಉಪಕಾರವನ್ನು ಐದು ದಿನವೂ ತಪ್ಪದೆ ಮಾಡಿದೆ.

ದಂಡದ ಊಟ ಮಾಡುವವನಿಗೂ ಒಂದು ಮಾನ ಇರುತ್ತದಲ್ಲ. ಸಂಜೆ ಒಲೆಯ ಮುಂದೆ ಅಕ್ಕಪಕ್ಕದವರೆಲ್ಲ ಸೇರಿದಾಗ ನನ್ನ ದಾಸ್ತಾನು ಬಿಚ್ಚಿದೆ. ಹೂವಿನವಳಿಗೆ ಸುಮಾರಾಗಿ ನಕ್ಕರು. ಮ್ಯಾನೇಜರು ಅವರಿಗೆ ಅರ್ಥವೇ ಆಗಲಿಲ್ಲ. ಅಪ್ಪನನ್ನು ತೆಗೆದೆ ನೋಡಿ, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಮರುದಿನ ಆಚೆ ಬೀದಿಯವರೂ ಬಂದರು. ಮೂರನೆಯ ದಿನ ಬೆಳಿಗ್ಗೆ ಒಂದು ಸಣ್ಣ ಮಗು ನನ್ನನ್ನು ನೋಡಿ "ಅದೇ ಮತ್ತೆ" ಎಂದು ಓಡಿಹೋಯಿತು. ನನಗೆ ಎಷ್ಟು ಹೆಮ್ಮೆಯಾಯಿತು ಎಂದು ಈಗ ಬರೆಯಲು ಕೈ ಬರುತ್ತಿಲ್ಲ. ಚಿಕ್ಕತಾಯಮ್ಮ ಮಾತ್ರ ಅಷ್ಟಾಗಿ ನಗಲಿಲ್ಲ. ಎಲ್ಲರ ನಗು ಇಳಿದ ಮೇಲೆ, "ಯಾವ ಕಿವಿ ಮೊಗ?" ಎಂದು ಕೇಳಿದರು. ಎಡಗಿವಿ ಅಂದೆ. ಅಜ್ಜಿಗೆ ಹಾಸ್ಯ ಹತ್ತುವುದಿಲ್ಲ ಎಂದು ತೀರ್ಮಾನಿಸಿ ಮುಂದುವರಿದೆ.

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಅಜ್ಜಿಗೆ, ಬೆಂಗಳೂರಿಗೆ ಬಂದರೆ ನಮ್ಮನೆಗೇ ಬರಬೇಕು ಅಂದೆ, ವಿಳಾಸವನ್ನೂ ಬರೆದುಕೊಟ್ಟೆ. ನಮ್ಮ ಕಡೆ ಇದು ಹೋಗಿಬರುತ್ತೇನೆ ಎನ್ನುವುದರ ಇನ್ನೊಂದು ರೂಪ. ಅವರ ಕಡೆ ಹಾಗಲ್ಲ ಎಂದು ತಿಳಿದದ್ದು ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಗೇಟು ಕಿರ್ರೆಂದಾಗ. ಚಿಕ್ಕತಾಯಮ್ಮನ ಮಗ ಮಾರ್ಕೆಟ್ಟಿಗೆ ಬೆಳ್ಳುಳ್ಳಿ ಲೋಡು ತಂದಿದ್ದನಂತೆ. ಅಜ್ಜಿ ಜೊತೆಗೆ ಬಂದು, ದೊಡ್ಡ ಬಸವಣ್ಣನನ್ನು ನೋಡಿ, ಚೀಟಿ ಹಿಡಿದು ನಮ್ಮ ಮನೆ ಹುಡುಕಿದ್ದರು. ಕಂಕುಳಲ್ಲಿ ಬೆಳ್ಳುಳ್ಳಿಯದೇ ಒಂದು ಚೀಲ. ನಮ್ಮ ಮನೆಯ ಹೊಸಿಲನ್ನು ಬೆಳ್ಳುಳ್ಳಿ ದಾಟಿದ್ದು ಅದೇ ಮೊದಲು. ಅಮ್ಮ ಒಂದು ಮಾತೂ ಆಡದೆ ಎರಡು ಕೈಯಲ್ಲಿ ಇಸಿದುಕೊಂಡಳು.

ಅಪ್ಪ ಹಾಲಿನಲ್ಲಿ ತಮ್ಮ ಬೆತ್ತದ ಕುರ್ಚಿಯಲ್ಲಿದ್ದರು. ಅಜ್ಜಿ ಸಿಕ್ಕ ಕುರ್ಚಿಯಲ್ಲಿ ಕೂತರು, ಅದು ಎಡಗಡೆಯದು. ಮಳೆ ಬೆಳೆ ಏನೋ ಹೇಳಿದರು. ಅಪ್ಪ ಯೋಚಿಸಿ, ತಲೆಯಾಡಿಸಿ, "ಅದೇ ಮತ್ತೆ" ಅಂದರು. ಅಜ್ಜಿ ನಗುತ್ತಾರೆ ಎಂದು ಹೆದರಿದೆ. ಅವರು ನಗಲಿಲ್ಲ. ಎದ್ದು, ಕುರ್ಚಿ ಎಳೆದುಕೊಂಡು, ಅಪ್ಪನ ಬಲಗಡೆಗೆ ಬಂದು ಕೂತು, ದನಿ ಏರಿಸಿ ಹೇಳಿದರು:

"ಈ ಕಡೀಕೆ ಬತ್ತೀನಿ ತಾಳಿ ಮೇಷ್ಟ್ರೇ. ಆ ಕಿವಿ ಕೇಳಾಕಿಲ್ವಲ್ಲ ನಿಮ್ಗೆ."

ಅಪ್ಪ ಕಾಫಿ ಲೋಟ ಕೆಳಗಿಟ್ಟರು. "ನಿಮಗೆ ಯಾರು ಹೇಳಿದ್ದು?"

"ನಿಮ್ ಮಗನೇ ಕಣೇಳಿ ಮೇಷ್ಟ್ರೇ. ನಿಮ್ಮಂಗೇ ಕುಂತು ಮಾಡಿ ತೋರುಸ್ದ. ನಮ್ಮೂರೋರೆಲ್ಲ ಹೊಟ್ಟೆ ಹಿಡ್ಕಂಡು ನಕ್ರು. ಪಾಪ, ಇದ್ದಷ್ಟು ದಿನಾನೂ ಮೊಗೀಗೆ ಅಪ್ಪಂದೇ ಗ್ಯಾನ."

ಅಪ್ಪನ ಧ್ಯಾನ! ನಾನು ಲೇವಡಿ ಮಾಡಿದ್ದನ್ನು ಆ ತಾಯಿ ಪ್ರೀತಿ ಎಂದುಕೊಂಡು, ಯಾವ ಕಿವಿ ಎಂಬುದನ್ನು ಇಷ್ಟು ತಿಂಗಳು ಜೋಪಾನವಾಗಿ ನೆನಪಿಟ್ಟುಕೊಂಡು ಬಂದಿದ್ದರು. ಅಪ್ಪ ನನ್ನ ಕಡೆ ನೋಡಿದರು. ಕೋಪವಿದ್ದಿದ್ದರೆ ಪರವಾಗಿರಲಿಲ್ಲ, ಅಪ್ಪನ ಕೋಪ ನನ್ನ ಹಳೆಯ ಐಟಂ. ಇದು, ತರಗತಿಯ ಮುಂದೆ ಉತ್ತರ ಗೊತ್ತಿಲ್ಲದೆ ನಿಂತ ಹುಡುಗನ ಮುಖ. "ಎಲ್ಲಿ, ನಮಗೂ ಒಂದ್ಸಲ ಮಾಡಿ ತೋರ್ಸು" ಅಂದರು. ಊರನ್ನೆಲ್ಲ ಅಣಕಿಸಿದ ನಾನು ಬಗ್ಗಿ ಅಪ್ಪನ ಕಾಫಿ ಲೋಟ ಎತ್ತಿಕೊಂಡೆ. ಅಮ್ಮ ಬಂದು ಅಪ್ಪನಿಗೆ ಇನ್ನೊಂದಿಷ್ಟು ಕಾಫಿ ಬೇಕೇ ಎಂದು ಕೇಳಿದಳು, ಬಲಗಡೆಯಿಂದ. ಅವಳು ಎರಡು ವರ್ಷದಿಂದ ಬಲಗಡೆಯೇ ನಿಂತು ಮಾತಾಡುತ್ತಿದ್ದಾಳೆ ಎಂಬುದು ನನಗೆ ಹೊಳೆದದ್ದು ಆಗ. ಇಷ್ಟೆಲ್ಲ ಗಮನಿಸುವ ನಾನು ಅದನ್ನು ಗಮನಿಸಿರಲಿಲ್ಲ.

ಅಜ್ಜಿ ಊಟ ಮುಗಿಸಿ, ಅಪ್ಪನ ಜೊತೆ ಒಂದು ಗಂಟೆ ಬೆಟ್ಟದ ಮಾತಾಡಿ ಹೊರಟರು. ಅಷ್ಟು ಹೊತ್ತಿನಲ್ಲಿ ಅಪ್ಪ ಒಂದು ಸಲವೂ "ಅದೇ ಮತ್ತೆ" ಅನ್ನಲಿಲ್ಲ. ಬೇಕಾಗಲಿಲ್ಲ.

ಅಜ್ಜಿಯನ್ನು ಆಟೋ ಹತ್ತಿಸಿ ಬಂದೆ. ಅಪ್ಪ ಪೇಪರು ಹಿಡಿದು ಕೂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತು, ತಪ್ಪಾಯ್ತಪ್ಪಾ ಎಂದು ಮೆಲ್ಲಗೆ ಅಂದೆ. ನಿಂತದ್ದು ಎಡಗಡೆ. ಬೇಕೆಂದೇ ನಿಂತೆನೋ ಏನೋ, ಪ್ರಮಾಣ ಮಾಡಿ ಹೇಳಲಾರೆ. ಅವರು ಎಂದಿನಂತೆ ತಲೆಯಾಡಿಸಿ ಎರಡು ಪದ ಅಂದುಬಿಟ್ಟರೆ ಎಲ್ಲ ಮುಗಿಯುತ್ತದೆ ಎಂಬ ಆಸೆ ಇದ್ದದ್ದಂತೂ ನಿಜ. ಅಪ್ಪ ಪೇಪರು ಮಡಿಸಿದರು.

"ಆ ಕಿವಿ ಕೇಳಿಸಲ್ಲ ಅಂತ ಬೆಟ್ಟಕ್ಕೆಲ್ಲ ಸಾರಿ ಬಂದಿದೀಯ. ಈ ಕಡೆ ಬಂದು ಹೇಳು, ಆ ಊರಿಗೂ ಕೇಳಿಸೋ ಹಾಗೆ."