ಬ್ಯಾಡಗಿ ಮೆಣಸಿನಕಾಯಿಯೂ ನನ್ನ ಮೂಲವ್ಯಾಧಿಯೂ

ಬ್ಯಾಡಗಿ ಮಾರುಕಟ್ಟೆಯಲ್ಲಿ ನಾನು ಮೆಣಸಿನಕಾಯಿ ದಲಾಲ. ಹೊರ ಊರಿನ ಗಿರಾಕಿ ಬಂದು ಖಾರ ಹೇಗೆ ಎಂದು ಕೇಳಿದರೆ ನನ್ನದು ಒಂದೇ ಉತ್ತರ: “ನಮ್ಮ ಬ್ಯಾಡಗಿ ಕಾಯಿ ಅಂದ್ರ ಬರೇ ಬಣ್ಣ ನೋಡ್ರಿ. ಖಾರ ಹೆಸರಿಗೂ ಇಲ್ಲ.” ಈ ಮಾತನ್ನು ಗಿರಾಕಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ದಿನವಿಡೀ ಅಂಗಡಿಯ ಗಾದಿಗೆ ಅಂಟಿಕೊಂಡು ಸಲ್ಲಿಸಿದ ಸೇವೆಯ ಫಲವಾಗಿ ನನಗೆ ಮೂಲವ್ಯಾಧಿ ಪ್ರಾಪ್ತವಾಯಿತು. ಅದು ಬಾತುಕೊಂಡಿದ್ದಾದರೂ ಯಾವಾಗ? ಮರುದಿನ ರಾಣೆಬೆನ್ನೂರಿನಲ್ಲಿ ಮಗಳು ಸುಮಾಳ ಮದುವೆ ಮಾತುಕತೆ ಇದ್ದಾಗ! ಬೀಗರಾಗುವವರ ಮನೆಯ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಗಂಟೆಗಟ್ಟಲೆ ಕೂರಬೇಕು. ನನಗೋ ಸೈಕಲ್ಲಿನ ಸೀಟು ಕಂಡರೂ ಕಣ್ಣಲ್ಲಿ ನೀರು. ಹುಡುಗ ಸುಮಾಳಿಗೆ ಬಹಳ ಹಿಡಿಸಿದ್ದ. ನನ್ನ ಹಿಂಭಾಗದ ಕಾರಣಕ್ಕೆ ಸಂಬಂಧ ತಪ್ಪಿದರೆ ಅವಳಿಗೆ ಹೇಗೆ ಮುಖ ತೋರಿಸುವುದು?

ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಕುಳಿತರೆ ಬಾವು ಇಳಿಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೂರುವುದು ತಾನೇ? ಆ ವಿದ್ಯೆಯಲ್ಲಿ ನಾನು ಪಳಗಿದವನು. ಹೆಂಡತಿ ಗಿರಿಜಾಳಿಗೆ ಮಾತ್ರ ಹೇಳಲಿಲ್ಲ. ಅವಳಿಗೆ ಹೇಳಿದರೆ ಸಂಜೆಯೊಳಗೆ ಹೊಸರಿತ್ತಿಯ ಅವಳ ತವರಿನವರೆಲ್ಲ ಫೋನು ಮಾಡಿ ಕ್ಷೇಮ ವಿಚಾರಿಸುತ್ತಾರೆ.

ಹಿತ್ತಲಲ್ಲಿ ಕೆಂಪು ಪ್ಲಾಸ್ಟಿಕ್ ಟಬ್ ಒಂದು ಅನಾಥವಾಗಿ ಬಿದ್ದಿತ್ತು. ಸದ್ದಿಲ್ಲದೆ ಬಚ್ಚಲಿಗೆ ಒಯ್ದು, ಚಿಲಕ ಹಾಕಿ, ಹದ ನೋಡಿ ನೀರು ಸುರಿದು, ಪಟ್ಟಕ್ಕೇರುವ ರಾಜನ ಗಾಂಭೀರ್ಯದಿಂದ ಕುಳಿತೆ. ಮೊದಲು ಹಾಯೆನಿಸಿತು. ಆಮೇಲೆ ಚುರುಗುಟ್ಟಿತು. ಆಮೇಲೆ ಬೆಂಕಿಯೇ ಬಿತ್ತು!

“ಏನಾತ್ರಿ? ಯಾಕ ಚೀರಾಕತ್ತೀರಿ?” ಹೊರಗಿನಿಂದ ಗಿರಿಜಾ ಕೇಳಿದಳು.

“ಹಾಡಾಕತ್ತೇನಿ.”

“ಮದುವಿ ಆದಾಗಿಂದ ಒಂದ್ ದಿನಾ ಹಾಡಿಲ್ಲ, ಇವತ್ತೇನು ಬಂತು? ಅಂದಂಗ, ಹಿತ್ತಲದಾಗಿನ ಕೆಂಪು ಟಬ್ ನೋಡೀರೇನು? ವರ್ಷದ ಖಾರಾ ಕುಟ್ಟಸಾಕ ನಿನ್ನೆ ಮೆಣಸಿನಕಾಯಿಗೆ ಎಣ್ಣಿ ಹಚ್ಚಿ ಅದರಾಗ ಕಲಸಿದ್ದೆ. ಇನ್ನೂ ತೊಳದಿಲ್ಲ.”

ಟಬ್ಬೂ ಕೆಂಪು, ಖಾರವೂ ಕೆಂಪು. ಬಣ್ಣ ನೋಡಿಯೇ ದರ ಕಟ್ಟುವ ನನ್ನ ಕಣ್ಣಿಗೆ ಅದು ಕಂಡಿರಲಿಲ್ಲ. ಆ ಕಣ್ಣನ್ನು ಅದೇ ನೀರಿನ ಕೈಯಿಂದ ಒರೆಸಿಕೊಂಡೆ. ಈಗ ಮೇಲಕ್ಕೂ ಕೆಳಕ್ಕೂ ಭೇದವೇ ಉಳಿಯಲಿಲ್ಲ.

ಕೊಡಗಟ್ಟಲೆ ತಣ್ಣೀರು ಸುರಿದುಕೊಂಡ ಮೇಲೆ ಬಾಗಿಲು ತೆರೆದು ಎಲ್ಲವನ್ನೂ ಹೇಳಿದೆ. ಗಿರಿಜಾ ನಗು ತಡೆಯಲಾಗದೆ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. ಅವಳು ನಕ್ಕಿದ್ದಕ್ಕಿಂತ ಅಷ್ಟು ಸಲೀಸಾಗಿ ಕುಳಿತದ್ದು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ಮರುದಿನ ಖಾಲಿ ಬಸ್ಸಿನಲ್ಲಿ ಗಿರಿಜಾ, ಸುಮಾ ಆರಾಮಾಗಿ ಕುಳಿತರೆ, ನಾನು ರಾಣೆಬೆನ್ನೂರಿನವರೆಗೂ ಕಂಬ ಹಿಡಿದು ನಿಂತೇ ಹೋದೆ. ಅಲ್ಲಿ ಹುಡುಗನ ತಂದೆ ಜಮಖಾನೆ ತೋರಿಸಿ, “ಕುಂದ್ರಿ ಬೀಗರ” ಎಂದರು. “ಇರಲಿ ಬಿಡ್ರಿ” ಎಂದೆ. ಚಹಾ ಬಂತು, ನಿಂತೇ ಕುಡಿದೆ. ಅವಲಕ್ಕಿ ಬಂತು, ನಿಂತೇ ತಿಂದೆ. ಕಡೆಗೆ ಅವರ ಮುಖ ಸಣ್ಣದಾಯಿತು.

“ಸಂಬಂಧ ಮನಸ್ಸಿಗೆ ಬಂದಿಲ್ಲೇನ್ರಿ? ನಮ್ಮನ್ಯಾಗ ಕುಂದ್ರಾಕೂ ಒಲ್ಲೆ ಅಂತೀರಲ್ಲ.”

ಸುಮಾ ತಲೆ ತಗ್ಗಿಸಿದಳು. ಗಟ್ಟಿ ಮನಸ್ಸು ಮಾಡಿ ಕೂರಲು ಹೋದೆ. ಅರ್ಧಕ್ಕೇ ಹಾಡು ಬಂತು!

ಗಿರಿಜಾ ಇನ್ನು ತಡೆಯಲಿಲ್ಲ. “ಸಂಬಂಧ ಭಾಳ ಹಿಡಿಸೇತ್ರಿ. ಇವರಿಗೆ ಮೂಲವ್ಯಾಧಿ ಆಗೇತಿ. ಅದರ ಮ್ಯಾಲ ನಿನ್ನೆ ಖಾರದ ಟಬ್‌ನ್ಯಾಗ ಕುಂತಿದ್ರು.”

ಭೂಮಿ ಬಾಯಿ ತೆರೆದರೆ ನಿಂತ ಭಂಗಿಯಲ್ಲೇ ಇಳಿದುಹೋಗಲು ಸಿದ್ಧನಾಗಿದ್ದೆ. ಬೀಗರು ಮೆಲ್ಲಗೆ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತರು.

“ಮದ್ಲ ಹೇಳಬಾರದೇನ್ರಿ? ನಂದೂ ಅದ ಕತಿ. ಮುಂಜಾನಿಂದ ಹಲ್ಲು ಕಚಗೊಂಡು ಕುಂತೇನಿ.”

ಹೀಗೆ ಹೆಂಗಸರೆಲ್ಲ ಕುಳಿತು, ಬೀಗರಿಬ್ಬರೂ ನಿಂತು, ಮದುವೆ ಗಟ್ಟಿಯಾಯಿತು. ಸುಮಾ ನಕ್ಕಳು. ನನಗೆ ಅಷ್ಟು ಸಾಕಿತ್ತು. ಹೊರಡುವಾಗ ಬೀಗರು ನನ್ನ ಕಿವಿಯ ಬಳಿ ಬಗ್ಗಿ ಕೇಳಿದರು: “ಅಲ್ರಿ, ಬ್ಯಾಡಗಿ ಕಾಯಿಗೆ ಖಾರ ಇರೂದಿಲ್ಲ ಅಂತಾರಲ್ಲ?”

ದಲಾಲಿಯ ಇಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಉತ್ತರ ಬದಲಾಯಿತು.

“ತಿನ್ನಾಕ ಇಲ್ರಿ. ಕುಂದ್ರಾಕ ಐತಿ.”