ಮುಕ್ತ ಪರವಾನಗಿಯಲ್ಲಿ ಮಲಗಿದವನು

ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವವರ ಪೈಕಿ ನಾನು. ಆದರೆ ಪುಕ್ಕಟೆಯ ಬಾಲಕ್ಕೆ ಒಂದು ಷರತ್ತು ಕಟ್ಟಿರುತ್ತದೆ ಎಂಬುದು ಮದುವೆಯಾದ ಮೇಲೆ ತಿಳಿಯಿತು. ಕಂಪ್ಲಿಯಲ್ಲಿ ನಮ್ಮ ಮಾವನವರದು ಅಕ್ಕಿ ಗಿರಣಿ. ಅಲ್ಲಿಂದ ಅಕ್ಕಿ ಬರುತ್ತದೆ, ಬಾಳೆಗೊನೆ ಬರುತ್ತದೆ, ಹಬ್ಬಕ್ಕೊಂದು ಹಸಿರು ಪಟ್ಟೆಯ ಟವೆಲ್ಲೂ ಬರುತ್ತದೆ. ಷರತ್ತು ಇಷ್ಟೇ, ಭಾನುವಾರ ಹೋಗಿ ಅವರ ಉಪದೇಶ ಕೇಳಬೇಕು. ಅದಿರಿನ ಧೂಳಿನಲ್ಲಿ ಎಲ್ಲರಿಗೂ ಬಂಗಾರ ಕಾಣುತ್ತಿದ್ದ ಕಾಲ ಅದು. "ಅಳಿಯಂದ್ರ, ಪಾಠ ಹೇಳಿ ಏನ್ ಕಡದು ಕಟ್ಟೆ ಹಾಕಿದ್ರಿ? ಒಂದು ಟಿಪ್ಪರ್ ತಗೊಂಡು ಸಂಡೂರು ಗಣಿಗೆ ಬಿಡ್ರಿ" ಎನ್ನುವರು. ಹೋಳಿಗೆಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹಾಗಿರುವಾಗ ಹೊಸಪೇಟೆಯ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಕರೆದು, "ಹುಡುಗ್ರೆಲ್ಲ ಲಾರಿ ಹತ್ತ್ಯಾರ. ಕ್ಲಾಸಿಗೆ ಯಾರೂ ಬರಂಗಿಲ್ಲ. ಹಂಪಿ ಚರಿತ್ರೆದು ಒಂದು ಆನ್‌ಲೈನ್ ಕೋರ್ಸ್ ಮಾಡ್ರಿ" ಎಂದರು. ಸಾಕ್ಷಾತ್ ದೇವರೇ ಮಾತಾಡಿದಂತಾಯಿತು. ಭಾನುವಾರ ಬಂತೆಂದರೆ "ಫೀಲ್ಡ್ ವರ್ಕ್" ಎಂದು ಹಂಪಿಗೆ ಸ್ಕೂಟರ್ ಹೊಡೆಯುತ್ತಿದ್ದೆ. ನನ್ನ ಹೆಂಡತಿ ಗಿರಿಜಾ, ಪಾಪ, ಒಬ್ಬಳೇ ಕಂಪ್ಲಿ ಬಸ್ಸು ಹತ್ತುತ್ತಿದ್ದಳು. "ನಮ್ಮನೆಯೋರು ಬಿಸಿಲಾಗ ಭಾಳ ದುಡೀತಾರ" ಎಂದು ತವರಿನಲ್ಲಿ ಹೇಳಿ ಬರುತ್ತಿದ್ದಳಂತೆ. ದುಡಿಯಲಿಲ್ಲ ಎನ್ನಬೇಡಿ. ಮೊದಲ ವಾರವೇ ಬೇಕಾದಷ್ಟು ಫೋಟೋ ತೆಗೆದೆ. ಆದರೆ ದಾರಿಯುದ್ದ ಅದಿರು ಲಾರಿಗಳ ಹಿಂದೆ ಕೆಂಧೂಳು ಕುಡಿದು ಬಂದ ಕ್ಯಾಮೆರಾ ಇಡೀ ಹಂಪಿಗೆ ಕುಂಕುಮ ಬಳಿದು ಕೊಟ್ಟಿತು. ಆಮೇಲಿನ ವಾರಗಳಲ್ಲಿ ಬಾಳೆಹಣ್ಣು ತಿಂದು, ಮಂಟಪದ ನೆರಳಿನಲ್ಲಿ ಚಿಂತನೆ ಮಾಡುತ್ತಿದ್ದೆ. ಚಿಂತನೆ ಆಳಕ್ಕಿಳಿದಾಗ ಕಣ್ಣು ಮುಚ್ಚುವುದು ಸಹಜ.

ಚಿತ್ರಗಳಿಗೆ ಗತಿಯೇನು ಎಂದು ನೆಟ್ ಸೆಂಟರಿನಲ್ಲಿ ಜಾಲಾಡುವಾಗ ಮುಕ್ತ ಪರವಾನಗಿಯ ಫೋಟೋಗಳು ಸಿಕ್ಕವು. ಹಂಪಿ ನೋಡಲು ಬಂದ ಪರದೇಶದವರು ತೆಗೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟಂಥವು. ಕುಣಿದಾಡುತ್ತ ಮನೆಗೆ ಬಂದು ಗಿರಿಜಾಳಿಗೆ ಪಾಠವನ್ನೇ ಮಾಡಿದೆ. ತೆಗೆದವರ ಹೆಸರು ಹಾಕಬೇಕು, ತಿದ್ದಿದರೆ ತಿದ್ದಿದ್ದನ್ನು ಹೇಳಬೇಕು, ನಾವು ಮಾಡಿದ್ದನ್ನೂ ಹಾಗೆಯೇ ಎಲ್ಲರಿಗೂ ಬಿಟ್ಟುಕೊಡಬೇಕು. "ಅಂದ್ರ ಹೆಪ್ಪು ಇದ್ದಂಗ" ಎಂದಳು. "ಬಾಜೂ ಮನ್ಯಾಗ ಇಸ್ಕೊಂಡ್ರ, ನಾಳೆ ಕೇಳಿದೋರಿಗೆ ನಾವೂ ಕೊಡ್ಬೇಕು." ಶಿಷ್ಯೆ ಜಾಣೆ ಎಂದು ಹೆಮ್ಮೆಪಟ್ಟೆ.

ಕೋರ್ಸು ಮುಗಿದದ್ದೇ ಅವಳನ್ನು ಕಾಲೇಜಿನ ಲ್ಯಾಬಿಗೆ ಕರೆದೊಯ್ದು ದೊಡ್ಡ ಪರದೆಯ ಮೇಲೆ ತೋರಿಸಿದೆ. ಮೊದಲ ಪುಟದಲ್ಲೇ ಭವ್ಯವಾದ ಕಲ್ಲು ಮಂಟಪ. ಹಿಗ್ಗಿ ನೋಡುತ್ತಿದ್ದವಳು ಮೆಲ್ಲಗೆ ಪರದೆಯ ಹತ್ತಿರ ಹೋದಳು.

"ರೀ, ಆ ಕಂಬದ ಬುಡಕ್ಕ ಮಕ್ಕೊಂಡೋರು ಯಾರು?"

"ಯಾರೋ ಪ್ರವಾಸಿ ಇರಬೇಕು."

"ಪ್ರವಾಸಿ ಮಾರಿ ಮ್ಯಾಲೆ ನಮ್ಮಪ್ಪ ಕೊಟ್ಟ ಟವೆಲ್ ಯಾಕೈತಿ? ಆ ಚಪ್ಪಲಿ ಉಂಗುಟ ಹೊಲಿಸ್ಕೊಂಡು ಬಂದಾಕಿ ನಾನ!"

ನಾನೂ ಪರದೆಗೆ ಮೂಗು ತಾಗಿಸಿದೆ. ನೆಟ್ ಸೆಂಟರಿನ ಪುಟಾಣಿ ಪರದೆಯಲ್ಲಿ ನಾನು ಒಂದು ಕಲ್ಲಿನಂತೆ ಕಂಡಿದ್ದೆ. "ಬಿಸಿಲಾಗ ದುಡೀತಾರಂತ ಊರಿಗೆಲ್ಲ ಹೇಳೀನಲ್ರಿ" ಎನ್ನುವಾಗ ಅವಳ ದನಿ ಒಡೆಯಿತು. ನಿಜಕ್ಕೂ ನಾಚಿಕೆಯಾಯಿತು. "ತಡಿ ಮಾರಾಯ್ತಿ, ಆ ಮೂಲೆ ಕತ್ತರಿಸಿಬಿಡ್ತೀನಿ" ಎಂದೆ.

"ಕತ್ತರಿಸ್ರಿ. ಏನ್ ಕತ್ತರಿಸೀನಿ ಅಂತ ಕೆಳಗ ಬರೀರಿ. ನೀವ ಹೇಳಿದ್ದು."

ಆ ಮೂಲೆಯನ್ನು ಹಾಗೆಯೇ ಬಿಟ್ಟೆ. ಮಾರನೆಯ ದಿನ ಪ್ರಿನ್ಸಿಪಾಲರಿಗೆ ಆ ಚಿತ್ರವೇ ಬಹಳ ಹಿಡಿಸಿತು. "ಮನುಷ್ಯಾ ಒಬ್ಬ ಬಿದ್ಕೊಂಡಿದ್ದು ಛಲೋ ಆತು, ಕಂಬದ ಎತ್ತರ ತಿಳೀತೈತಿ" ಎಂದು ಕೋರ್ಸಿಗೆ ಒಪ್ಪಿಗೆ ಕೊಟ್ಟರು.

ಮುಂದಿನ ಭಾನುವಾರ ಗಿರಿಜಾಳಿಗಿಂತ ಮೊದಲೇ ಕಂಪ್ಲಿ ಬಸ್ಸಿನಲ್ಲಿ ಕೂತಿದ್ದೆ. ಗಿರಣಿಯಲ್ಲಿ ಮಾವನವರು "ಬರ್ರಿ ಅಳಿಯಂದ್ರ, ಕುಂದ್ರಿ, ಭಾಳ ದಣಿದೀರಿ" ಎಂದರು. ಟಿಪ್ಪರಿನ ಸುದ್ದಿಯೇ ಇಲ್ಲ. ತಲೆಯೆತ್ತಿದರೆ ಅವರ ಗದ್ದುಗೆಯ ಮೇಲೆ, ಗಿರಿಜಾ ವಾರದ ನಡುವೆಯೇ ಕಳಿಸಿ ಅವರು ಕಟ್ಟು ಹಾಕಿಸಿದ ಫೋಟೋದಲ್ಲಿ ಅದೇ ಮಂಟಪ, ಅದೇ ಕಂಬ. ಕೆಳಗೆ ಗಿರಿಜಾಳ ದುಂಡು ಅಕ್ಷರದಲ್ಲಿ ಫೋಟೋ ತೆಗೆದ ಪುಣ್ಯಾತ್ಮನ ಹೆಸರು, ಪರವಾನಗಿಯ ವಿವರ, ಕೊನೆಗೆ "ಏನೂ ತಿದ್ದಿಲ್ಲ" ಎಂಬ ಮಾತು. ನನ್ನ ವಿದ್ಯಾರ್ಥಿಗಳು ಯಾರೂ ಇಷ್ಟು ಚೊಕ್ಕವಾಗಿ ಬರೆದವರಲ್ಲ. ಮಲಗಿದವನ ಹೆಸರು ಹಾಕಬೇಕೆಂಬ ಷರತ್ತು ಯಾವ ಪರವಾನಗಿಯಲ್ಲೂ ಇಲ್ಲ, ಅವಳೂ ಹಾಕಿರಲಿಲ್ಲ. ಅದನ್ನು ಮಾವನವರು, ಅಕ್ಕಿ ಕೊಳ್ಳಲು ಬಂದವರಿಗೆಲ್ಲ, ಪುಕ್ಕಟೆ ಹೇಳುತ್ತಿದ್ದರು.